ನೆಲ ಫಳಫಳ, ಎದೆ ತುಂಬ ಧೂಳು!

ಪೇಟೆಬೀದಿಯಲ್ಲಿ ಅಂಗಡಿಯೊಂದರ ಷಟರ್ ಅರ್ಧ ಇಳಿದಿದ್ದು, ಒಳಗಿನಿಂದ ಗುರ್ರೆಂಬ ಸದ್ದೂ ಸಂದಿಯಿಂದ ಬಿಳಿ ಹೊಗೆಯೂ ಬರುತ್ತಿದ್ದರೆ ಬೆಂಕಿ ಬಿತ್ತೆಂದು ಯಾರೂ ಗಾಬರಿಯಾಗುವುದಿಲ್ಲ. ಕಾಂಕ್ರೀಟ್ ನೆಲಕ್ಕೆ ಪಾಲಿಷ್ ನಡೆದಿದೆ, ಅಷ್ಟೆ. ಪಕ್ಕದ ಬಟ್ಟೆ ಅಂಗಡಿಯವರು ಗೊಣಗುತ್ತಾ ಸೀರೆ ಕೊಡವುತ್ತಾರೆ. ಬಸ್ಸಿಗೆ ಕಾಯುವವರು ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ಒಳಗೆ ಮಿಷನ್ ಹಿಡಿದವನ ಮೂಗಿಗೆ? ಬಹಳ ಕಡೆ ಒಂದು ಹಳೇ ಟವೆಲ್ಲು.

ಆ ಧೂಳು ಬರೀ ಸಿಮೆಂಟಿನದಲ್ಲ. ಕಾಂಕ್ರೀಟಿನಲ್ಲಿ ಮರಳು, ಜಲ್ಲಿ ಇವೆ. ಅವುಗಳಲ್ಲಿ ಸಿಲಿಕಾ ಇದೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ನಿಂತೀತು. ಕಾಣದ ಪುಡಿ ನೇರ ಶ್ವಾಸಕೋಶದ ತಳಕ್ಕಿಳಿದು, ಅಲ್ಲೇ ಕೂತು ಗಾಯ ಮಾಡುತ್ತದೆ. ಸಿಲಿಕೋಸಿಸ್ ಎಂದು ಆ ಕಾಯಿಲೆಯ ಹೆಸರು. ವಾಸಿ ಮಾಡುವ ಔಷಧಿ ಇಲ್ಲ. ಮೊದಲು ಕೆಮ್ಮು, ಆಮೇಲೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕ್ಷಯಕ್ಕೂ ಅದೇ ದಾರಿ. 1997ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಟವೆಲ್ಲು ಇದನ್ನು ತಡೆಯೋದಿಲ್ಲ, ಸ್ವಾಮಿ.

ಮೊಸಾಯಿಕ್ ಕಾಲದಲ್ಲಿ ಧೂಳಿನ ಕಾಟ ಇಷ್ಟಿರಲಿಲ್ಲ. ಕಾರ್ಬೊರಂಡಂ ಕಲ್ಲು ಕಟ್ಟಿದ ಮಿಷನ್ನು. 60, 80, 120, ಕೊನೆಗೆ 320 ನಂಬರಿನ ಕಲ್ಲು. ಉದ್ದಕ್ಕೂ ನೀರು ಸುರಿಯುತ್ತಲೇ ಉಜ್ಜುವುದು. ಧೂಳು ಏಳುವ ಮೊದಲೇ ರಾಡಿಯಾಗುತ್ತಿತ್ತು. ಆಗಿನ ಭಯ ಬೇರೆ: ಒದ್ದೆ ನೆಲ, ಬರಿಗಾಲು, ಟೇಪು ಸುತ್ತಿದ ವೈರು. ಅದು ಈಗಲೂ ಹೋಗಿಲ್ಲ.

ಈಗಿನದು ಡೈಮಂಡ್ ಮಿಷನ್ನು. ದೊಡ್ಡ ತಟ್ಟೆಯ ಕೆಳಗೆ ಮೂರು ನಾಲ್ಕು ಸಣ್ಣ ತಟ್ಟೆ. ದೊಡ್ಡದೂ ತಿರುಗುತ್ತದೆ, ಸಣ್ಣವೂ ತಿರುಗುತ್ತವೆ. ಮೊದಲು 30-40 ನಂಬರಿನ ಲೋಹದ ಹಲ್ಲು ಮೇಲ್ಪದರ ಕೆರೆಯುತ್ತದೆ. ನಡುವೆ ಸಿಲಿಕೇಟ್ ದ್ರಾವಣ ಬಳಿಯುತ್ತಾರೆ; ಅದು ಕಾಂಕ್ರೀಟಿನೊಳಗಿನ ಸುಣ್ಣದೊಡನೆ ಸೇರಿ ನೆಲವನ್ನು ಗಟ್ಟಿ ಮಾಡುತ್ತದೆ. ಆಮೇಲೆ ರೆಸಿನ್ ಪ್ಯಾಡು: 200, 400, 800, 1500, ಬೇಕೆಂದರೆ 3000. ಮಧ್ಯೆ ನಂಬರು ಹಾರಿಸಿದರೆ ಗೀರು ಹಾಗೇ ಉಳಿಯುತ್ತದೆ. ಅದರ ಮೇಲೆ ಮೇಣ ಬಳಿದು ದುಡ್ಡೆಣಿಸಿಕೊಂಡು ಹೋಗುವ ಜಾಣರೂ ಇದ್ದಾರೆ.

ಈ ಮಿಷನ್ನನ್ನು ನೀರಿಲ್ಲದೆಯೂ ಓಡಿಸಬಹುದು. ಆದರೆ ಧೂಳು ಹೀರುವ ವ್ಯಾಕ್ಯೂಮ್ ಜೊತೆಗಿರಬೇಕು, ಅದಕ್ಕೆ ಹೆಪಾ ಫಿಲ್ಟರೂ ಇರಬೇಕು. ಎಡವಟ್ಟಾಗುವುದು ಇಲ್ಲೇ. “ಅಡಿಗೆ ಎಷ್ಟಪ್ಪಾ? ಇನ್ನೂ ಸ್ವಲ್ಪ ಕಮ್ಮಿ ಮಾಡ್ಕೋ” ಎಂದು ಮಾಲೀಕರು ಜಗ್ಗುತ್ತಾರೆ. ಮೇಸ್ತ್ರಿ ಒಪ್ಪುತ್ತಾನೆ, ವ್ಯಾಕ್ಯೂಮ್ ಬಿಟ್ಟು ಬರುತ್ತಾನೆ. ನೀರು ಹಾಕಿ ಎಂದರೆ, “ರಾಡಿ ಎತ್ತೋಕೆ ಇನ್ನೊಬ್ಬ ಆಳು ಬೇಕಾಗ್ತಾನೆ ಸಾಹುಕಾರ್ರೇ!”

ಹಾಗಾಗಿ ರೇಟು ಕೇಳುವ ಮೊದಲು, ನೀರೋ ವ್ಯಾಕ್ಯೂಮೋ ಎಂದು ಕೇಳಬೇಕು. ನೀರಾದರೆ ಅರ್ಥಿಂಗ್ ಸರಿಯಿದೆಯೇ ನೋಡಿಸಬೇಕು, ಇ.ಎಲ್.ಸಿ.ಬಿ. ಇಲ್ಲದ ಬೋರ್ಡಿನಿಂದ ಕರೆಂಟು ಕೊಡಲೇಬಾರದು. ರಾಡಿಯನ್ನು ಚರಂಡಿಗೆ ತಳ್ಳಿದರೆ ಅಲ್ಲೇ ಕೂತು ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ನೀರು ಅಂಗಡಿಗೇ ವಾಪಸ್. ಮಿಷನ್ ಹಿಡಿಯುವವನಿಗೆ ಕನಿಷ್ಠ ಎನ್-95 ಮಾಸ್ಕ್. ಕೆಲಸ ಮುಗಿದ ಮೇಲೆ ಒಣ ಪೊರಕೆ ಆಡಿಸುವುದೂ ಬೇಡ, ಕೂತ ಧೂಳು ಮತ್ತೆ ಏಳುತ್ತದೆ.

ಸಿಲಿಕೋಸಿಸ್ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿತ್ತು. ಆದರೆ ಅಂಗಡಿಯಿಂದ ಅಂಗಡಿಗೆ ಮಿಷನ್ ಎಳೆಯುವವನಿಗೆ ಕಾರ್ಖಾನೆ ಎಲ್ಲಿಂದ ಬರಬೇಕು? ಅವನಿಗಿರುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು. 18ರಿಂದ 60ರೊಳಗಿನ ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನದ ಕೆಲಸ ಇದ್ದರೆ ನೋಂದಾಯಿಸಬಹುದು. ಆ 90 ದಿನಕ್ಕೆ ಕೆಲಸ ಕೊಟ್ಟವರ ಸಹಿಯೂ ನಡೆಯುತ್ತದೆ.