ನಮ್ಮ ಮಕ್ಕಳೂ ಮನೆಪಾಠವೂ

ಸಂಜೆ ಐದೂವರೆ ಗಂಟೆಯ ಮೇಲೆ ಪುರಸೈವಾಕ್ಕಂ ಹೈರೋಡಿನ ಬಟ್ಟೆ, ಪಾತ್ರೆ, ಒಡವೆ ಅಂಗಡಿಗಳ ಜನಜಂಗುಳಿಯನ್ನು ದಾಟಿ ಒಳಬೀದಿಗಳಿಗೆ ಕಾಲಿಟ್ಟರೆ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಯಾವುದಾದರೊಂದು ಮನೆಯ ಮೆಟ್ಟಿಲ ಬಳಿ ಇಪ್ಪತ್ತು ಮೂವತ್ತು ಜೊತೆ ಚಪ್ಪಲಿಗಳು ಬಿದ್ದಿದ್ದರೆ ಅಲ್ಲಿ ಮದುವೆಯೂ ಇಲ್ಲ, ಭಜನೆಯೂ ಇಲ್ಲ. ಮಹಡಿಯ ಮೇಲೆ ಮನೆಪಾಠ ನಡೆಯುತ್ತಿದೆ ಎಂದೇ ತಿಳಿಯಬೇಕು. ಒಂದು ತಂಡ ಇಳಿಯುವ ಮೊದಲೇ ಇನ್ನೊಂದು ತಂಡ ಬಂದು ಮೆಟ್ಟಿಲ ಮೇಲೆ ಕುಳಿತಿರುತ್ತದೆ. ಕೈಯಲ್ಲಿ ಪುಸ್ತಕ, ಕಣ್ಣಿನಲ್ಲಿ ನಿದ್ದೆ.

ಮನೆಪಾಠವೆಂಬುದು ನಮ್ಮವರಿಗೆ ಹೊಸದೇನೂ ಅಲ್ಲ. ಮುತ್ತುಗದ ಮರಕ್ಕೆ ತಮಿಳಿನಲ್ಲಿ ‘ಪುರಸು’ ಎಂದು ಹೆಸರು. ಗಂಗಾಧರೇಶ್ವರನ ಗುಡಿಯ ಸ್ಥಳವೃಕ್ಷವೂ ಅದೇ. ಆ ಮರದಿಂದ ಹೆಸರು ಪಡೆದ ಈ ಹಳ್ಳಿ 1693ರಲ್ಲಿ ಇಂಗ್ಲಿಷ್ ಕಂಪನಿಯ ಕೈಸೇರಿತು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಹುಟ್ಟಿತು. 1916ರಲ್ಲಿ ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಬರುವವರೆಗೆ ಮೈಸೂರು ಸೀಮೆಯ ಹುಡುಗರೂ ಮದರಾಸಿನ ಪರೀಕ್ಷೆಗೇ ಕೂರಬೇಕಾಗಿತ್ತು. ದಕ್ಷಿಣ ಕನ್ನಡದವರಂತೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಆಡಳಿತಕ್ಕೇ ಸೇರಿದವರು. ಹೀಗಾಗಿ ‘ಮದರಾಸಿನ ಪರೀಕ್ಷೆ’ ಎಂಬ ಮಾತು ಕೇಳಿ ಕನ್ನಡದ ಮನೆಗಳಲ್ಲಿ ಎದೆ ಡವಗುಟ್ಟಿದ್ದು ಇಂದು ನಿನ್ನೆಯ ಸಂಗತಿಯಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚು ತೂಗಿಸಿಕೊಂಡು, 1881ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿ ಪಡೆದರು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಇದೇ ಊರಿನ ಪಚ್ಚಯ್ಯಪ್ಪ ಕಾಲೇಜಿನ ವಿದ್ಯಾರ್ಥಿಯಾಗಿದ್ದು ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಹೋದವರು. ಅವರೂ ಹೊಟ್ಟೆಪಾಡಿಗೆ ಹುಡುಗರಿಗೆ ಗಣಿತದ ಮನೆಪಾಠ ಹೇಳಿದರು. ಒಬ್ಬರಿಗೆ ಮನೆಪಾಠ ಓದಿನ ಖರ್ಚಿಗಾಯಿತು, ಇನ್ನೊಬ್ಬರಿಗೆ ಅನ್ನಕ್ಕಾಯಿತು. ಆಗಿನ ಮನೆಪಾಠದ ಮುಖವೇ ಬೇರೆ: ಬಡ ವಿದ್ಯಾರ್ಥಿ ಉಳ್ಳವರ ಮಕ್ಕಳಿಗೆ ಕಲಿಸುತ್ತಿದ್ದ. ಈಗ ಬಡವನೇ ಸಾಲ ಮಾಡಿ ಕಲಿಯಬೇಕಾಗಿದೆ.

ಈ ಬದಲಾವಣೆ ಒಂದೇ ದಿನದಲ್ಲಿ ಆದದ್ದಲ್ಲ. ಹನ್ನೊಂದನೆಯ ತರಗತಿಗೆ ಎಸ್.ಎಸ್.ಎಲ್.ಸಿ. ಮುಗಿಯುತ್ತಿದ್ದ ಕಾಲದಲ್ಲಿ ಟ್ಯುಟೋರಿಯಲ್ ಕಾಲೇಜೆಂದರೆ ನಪಾಸಾದವರ ಆಸರೆ. ಅಲ್ಲಿಗೆ ಹೋಗುವ ಹುಡುಗ ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದ. 1978ರಲ್ಲಿ ಪಿ.ಯು.ಸಿ. ಹೋಗಿ ಪ್ಲಸ್ ಟೂ ಬಂತು. 1984ರಲ್ಲಿ ತಮಿಳುನಾಡು ಸರ್ಕಾರ ಇಂಜಿನಿಯರಿಂಗ್ ಹಾಗೂ ವೈದ್ಯಕೀಯಕ್ಕೆ ಪ್ರವೇಶ ಪರೀಕ್ಷೆಯನ್ನಿಟ್ಟಿತು. ಅಂದಿನಿಂದ ತಲೆ ತಗ್ಗಿಸುವುದು ತಪ್ಪಿತು. ನೂರಕ್ಕೆ ತೊಂಬತ್ತು ತೆಗೆದವನೂ ಮನೆಪಾಠಕ್ಕೆ ಹೊರಟ. ಹಳ್ಳಿಯ ಮಕ್ಕಳಿಗೆ ಇದರಿಂದ ಅನ್ಯಾಯವಾಗುತ್ತದೆಂದು 2007ರಲ್ಲಿ ಆ ಪರೀಕ್ಷೆಯನ್ನು ತೆಗೆದುಹಾಕಿದರು. ಇಂಜಿನಿಯರಿಂಗಿಗೆ ಈಗಲೂ ಪ್ಲಸ್ ಟೂ ಅಂಕಗಳೇ ಆಧಾರ: ಗಣಿತಕ್ಕೆ 100, ಭೌತಶಾಸ್ತ್ರಕ್ಕೆ 50, ರಸಾಯನಶಾಸ್ತ್ರಕ್ಕೆ 50, ಒಟ್ಟು 200ರ ಲೆಕ್ಕ. ವೈದ್ಯಕೀಯಕ್ಕೆ ಮಾತ್ರ 2017ರಿಂದ ಈ ರಾಜ್ಯದಲ್ಲೂ ‘ನೀಟ್’ ಕಡ್ಡಾಯವಾಯಿತು. 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ ನಾಲ್ಕು, ತಪ್ಪಿದರೆ ಒಂದು ಕಡಿತ. ತಿಳಿಯದಿದ್ದರೆ ಸುಮ್ಮನೆ ಬಿಡುವುದೂ ಒಂದು ವಿದ್ಯೆಯಾಯಿತು. ಆ ವಿದ್ಯೆಯನ್ನು ಕಲಿಸುವವರೂ ಹುಟ್ಟಿಕೊಂಡರು.

ಈ ಪರೀಕ್ಷೆ ತರಬೇತಿಗೆ ಹಣ ತೆರಬಲ್ಲವರ ಕಡೆಗೇ ವಾಲುತ್ತದೆಂದು 2021ರಲ್ಲಿ ನ್ಯಾಯಮೂರ್ತಿ ಎ. ಕೆ. ರಾಜನ್ ಅವರ ಸಮಿತಿ ಸರ್ಕಾರಕ್ಕೆ ವರದಿ ಕೊಟ್ಟಿತು. ಅದಕ್ಕೆ ಒಂದು ವರ್ಷ ಮೊದಲೇ, 2020ರಲ್ಲಿ, ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸ್ಥಾನಗಳಲ್ಲಿ ಶೇಕಡಾ 7.5ರ ಮೀಸಲಾತಿ ಬಂದಿತ್ತು. ದೇಶದ ಲೆಕ್ಕವನ್ನು ನೋಡಿದರೆ, ಕೇಂದ್ರ ಅಂಕಿ ಅಂಶ ಸಚಿವಾಲಯದ 2025ರ ಸಮೀಕ್ಷೆಯಂತೆ ಶಾಲಾ ಮಕ್ಕಳಲ್ಲಿ ಶೇಕಡಾ 27 ಮಂದಿ ಖಾಸಗಿ ಪಾಠಕ್ಕೆ ಹೋಗುತ್ತಾರೆ, ನಗರಗಳಲ್ಲಿ 30.7, ಹಳ್ಳಿಗಳಲ್ಲಿ 25.5. ಹಳ್ಳಿಗೂ ನಗರಕ್ಕೂ ಅಂತರ ಇಷ್ಟು ಕಡಿಮೆಯೆಂಬುದನ್ನು ಕಂಡು ನಮಗೇ ಆಶ್ಚರ್ಯವಾಯಿತು.

ಅಂಕಿಗಳು ಹಾಗಿರಲಿ. ನಮ್ಮ ಬೀದಿಯದೇ ಒಂದು ಸಂಗತಿಯನ್ನು ಹೇಳುತ್ತೇವೆ.

ಕುಂದಾಪುರದ ಕಡೆಯವರೊಬ್ಬರು ಇಲ್ಲಿನ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ. ಮಗಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದಾಗ ಸಿಹಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಆರು ತಿಂಗಳ ನಂತರ ಬಂದಾಗ ಕೈಯಲ್ಲಿ ಸಿಹಿ ಇರಲಿಲ್ಲ. “ಎಂತ ಮಾಡುದು ರಾಯರೇ, ಎರಡು ವರ್ಷದ ಫೀಸು ಒಟ್ಟಿಗೇ ಕಟ್ಟಿ ಆಯ್ತು. ಈಗ ಅದು ಡಾಕ್ಟರ್ ಓದುದಿಲ್ಲ, ಲೆಕ್ಕ ಓದ್ತೇನೆ ಅಂತದೆ” ಎಂದರು.

ನಿಧಾನವಾಗಿ ವಿಚಾರಿಸಿದೆವು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟ ಹುಡುಗಿ ಶಾಲೆ ಮುಗಿಸಿ ನೇರವಾಗಿ ತರಬೇತಿ ಕೇಂದ್ರಕ್ಕೆ ಹೋಗಿ, ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಭಾನುವಾರ ವಾರದ ಪರೀಕ್ಷೆ. ಒಂದು ರಾತ್ರಿ ತಟ್ಟೆಯ ಮುಂದೆ ಕೈಯಲ್ಲಿ ತುತ್ತು ಹಿಡಿದುಕೊಂಡೇ ನಿದ್ದೆ ಹೋದಳಂತೆ. ತಾಯಿ ಅದನ್ನು ಹೇಳುವಾಗ ಕಣ್ಣು ಒರೆಸಿಕೊಂಡರು. ಡಾಕ್ಟರಾಗಬೇಕೆಂಬ ಆಸೆ ಯಾರದು ಎಂದು ಕೇಳಿದೆವು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಆ ಪ್ರಶ್ನೆಯನ್ನು ಅದುವರೆಗೆ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಹುಡುಗಿಯನ್ನು ಕೇಂದ್ರದಿಂದ ಬಿಡಿಸಿದರು. ಉಳಿದ ಹಣಕ್ಕಾಗಿ ತಂದೆ ನಾಲ್ಕು ಸಲ ಹೋಗಿ ಬಂದರು. ರಸೀತಿಯ ಹಿಂಬದಿಯ ಸಣ್ಣಕ್ಷರಗಳನ್ನು ತೋರಿಸಿ ಕಳುಹಿಸಿದರು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನಗಳೊಳಗೆ ಹಿಂದಿರುಗಿಸಬೇಕೆಂದಿದೆ. ಹದಿನಾರು ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದು, ಶಾಲೆಯ ವೇಳೆಯಲ್ಲಿ ಪಾಠ ನಡೆಸಬಾರದು, ದಿನಕ್ಕೆ ಐದು ಗಂಟೆ ಮೀರಬಾರದು, ವಾರಕ್ಕೊಂದು ರಜೆ ಕೊಡಬೇಕು, ರಜೆಯ ಮರುದಿನ ಪರೀಕ್ಷೆ ಇಡಬಾರದು ಎಂದೂ ಇದೆ. ಮಾರ್ಗಸೂಚಿಯನ್ನು ಜಾರಿಗೆ ತರುವುದು ಆಯಾ ರಾಜ್ಯಗಳಿಗೆ ಬಿಟ್ಟದ್ದು. ಆದರೂ ಹಣ ಕಟ್ಟುವ ಮುನ್ನ ಇದನ್ನು ತಿಳಿದು ಹೋಗಿ ಕೇಳುವ ತಂದೆಗೂ ತಿಳಿಯದೆ ಹೋಗುವ ತಂದೆಗೂ ವ್ಯತ್ಯಾಸವಿದೆ. ನಮ್ಮವರು ಬಹುಮಂದಿ ಎರಡನೆಯ ಬಗೆಯವರು. ಆ ಗೃಹಸ್ಥರಿಗೆ ಕೊನೆಗೂ ಹಣ ಬರಲಿಲ್ಲ.

ಇದರಲ್ಲಿ ನಮ್ಮವರಿಗೆ ಇನ್ನೊಂದು ತೊಡಕೂ ಇದೆ. 2006ರ ಕಾಯಿದೆಯಂತೆ ಈ ರಾಜ್ಯದ ಶಾಲೆಗಳಲ್ಲಿ ತಮಿಳು ಒಂದನೆಯ ತರಗತಿಯಿಂದ ಕಡ್ಡಾಯವಾಗಿ, ವರ್ಷಕ್ಕೊಂದು ತರಗತಿಯಂತೆ ಮೇಲೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳ ವಿನಾಯಿತಿಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 2023ರಲ್ಲಿ ಅದು ಒಂದು ವರ್ಷದ ಮಟ್ಟಿಗೆ ವಿನಾಯಿತಿಯನ್ನು ಮುಂದುವರಿಸಿತು. ನೆಲದ ಭಾಷೆಯನ್ನು ಕಲಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಮನೆಯಲ್ಲಿ ಕನ್ನಡವನ್ನಾಡುವ ತಾಯಿ ಮಗುವಿನ ತಮಿಳು ವ್ಯಾಕರಣವನ್ನು ತಿದ್ದಲಾರಳು, ಅದಕ್ಕೊಂದು ಮನೆಪಾಠ. ಇಂಗ್ಲಿಷಿಗೊಂದು, ಲೆಕ್ಕಕ್ಕೊಂದು. ಕನ್ನಡಕ್ಕೆ?

ಕನ್ನಡಕ್ಕೆ ನಾವು ಕೆಲವರು ಸೇರಿ ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಪಾಠ ನಡೆಸುತ್ತೇವೆ. ಶುಲ್ಕವಿಲ್ಲ, ಕೊನೆಯಲ್ಲಿ ಕೋಡುಬಳೆಯೂ ಉಂಟು. ಪುಟ್ಟ ಮಕ್ಕಳು ಬರುತ್ತಾರೆ. ಎಂಟನೆಯ ತರಗತಿಗೆ ಬಂದೊಡನೆ ಒಬ್ಬೊಬ್ಬರಾಗಿ ನಿಲ್ಲುತ್ತಾರೆ, ಭಾನುವಾರದ ‘ಟೆಸ್ಟ್’ ಇದೆಯೆಂದು. ಒತ್ತಕ್ಷರ ಕೈಗೆ ಹತ್ತುವ ಹೊತ್ತಿಗೆ ಕೈಯೇ ತಪ್ಪಿಹೋಗುತ್ತದೆ. ನೀಟ್ ಪರೀಕ್ಷೆಯನ್ನು ಬರೆಯಬಹುದಾದ ಹದಿಮೂರು ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡದ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ. ಇಲ್ಲಿ ದೊರೆತರೂ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ಓದಬಲ್ಲರು? ಊರಿನಿಂದ ಅಜ್ಜಿ ಬರೆದ ಕಾಗದವನ್ನೇ ಓದಲಾರರು.

ಹಾಗೆಂದು ಮನೆಪಾಠವೇ ಬೇಡವೆನ್ನಲು ನಮಗೆ ಧೈರ್ಯವಿಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ಹಿಂದೆ ಬಿದ್ದ ಮಗುವಿಗೆ ಯಾರಾದರೂ ಪಕ್ಕದಲ್ಲಿ ಕುಳಿತು ಭಿನ್ನರಾಶಿಯನ್ನು ಮತ್ತೊಮ್ಮೆ ಹೇಳಿಕೊಡಲೇಬೇಕು. ಅದು ಮದ್ದು. ಆದರೆ ಮದ್ದನ್ನು ಊಟದಂತೆ ಮೂರು ಹೊತ್ತೂ ಬಡಿಸಬಾರದು. ಯಾವ ವಿಷಯದಲ್ಲಿ ತೊಡಕಿದೆಯೋ ಅದೊಂದಕ್ಕೆ ಮಾತ್ರ ಕಳುಹಿಸುವುದು, ತಿಂಗಳ ಲೆಕ್ಕದಲ್ಲೇ ಹಣ ಕಟ್ಟುವುದು, ಮೂರು ತಿಂಗಳಿಗೊಮ್ಮೆ “ನಿನಗೆ ಇದರಿಂದ ಪ್ರಯೋಜನವಾಯಿತೇ?” ಎಂದು ಮಗುವನ್ನೇ ಕೇಳುವುದು, ರಾತ್ರಿಯ ನಿದ್ದೆಯನ್ನೂ ವಾರದಲ್ಲಿ ಒಂದು ಬಿಡುವಿನ ದಿನವನ್ನೂ ಯಾರಿಗೂ ಮಾರದಿರುವುದು, ಇಷ್ಟನ್ನು ಪಾಲಿಸಿದರೆ ಅರ್ಧ ಹೊರೆ ಇಳಿಯುತ್ತದೆ. ಮಗುವಿನ ಶಾಲೆಯ ಉಪಾಧ್ಯಾಯರೇ ಮನೆಗೆ ಕರೆದರೆ ಒಂದು ಮಾತು ನೆನಪಿರಲಿ: 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಪ್ರಕರಣ ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದೆ.

ಗಲ್ಲಾದವರ ಮಗಳು ಈಗ ಇದೇ ಊರಿನ ಕಾಲೇಜಿನಲ್ಲಿ ಗಣಿತದ ಬಿ.ಎಸ್ಸಿ. ಓದುತ್ತಿದ್ದಾಳೆ. ತಂದೆಗೆ ಪೂರ್ತಿ ಸಮಾಧಾನವಾಗಿದೆಯೆಂದು ಹೇಳಲಾರೆವು. ಬಿಳಿ ಕೋಟು ತೊಟ್ಟ ಹುಡುಗಿಯರನ್ನು ಬಸ್ಸಿನಲ್ಲಿ ಕಂಡರೆ ಇಂದಿಗೂ ಅವರ ಮಾತು ನಿಲ್ಲುತ್ತದೆ. ಸಂಜೆ ಅವಳ ಮನೆಯ ಮೆಟ್ಟಿಲ ಬಳಿ ನಾಲ್ಕು ಜೊತೆ ಪುಟ್ಟ ಚಪ್ಪಲಿಗಳಿರುತ್ತವೆ. ಒಂದು ಗಂಟೆ ಲೆಕ್ಕ ಹೇಳಿಕೊಟ್ಟು, ಏಳು ಹೊಡೆದೊಡನೆ “ಹೋಗಿ ಆಡಿಕೊಳ್ಳಿ” ಎಂದು ಮಕ್ಕಳನ್ನು ಎಬ್ಬಿಸುತ್ತಾಳೆ.

ನಮ್ಮ ಮನೆಗಳಲ್ಲಿ ನಿವೃತ್ತ ಮೇಷ್ಟ್ರುಗಳಿದ್ದಾರೆ, ಬ್ಯಾಂಕಿನಿಂದ ಬಿಡುವಾದವರಿದ್ದಾರೆ, ಕಾಲೇಜು ಓದುವ ಅಕ್ಕ ಅಣ್ಣಂದಿರಿದ್ದಾರೆ. ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ, ಅಕ್ಕಪಕ್ಕದ ನಾಲ್ಕು ಮಕ್ಕಳಿಗೆ ಒಂದು ಜಮಖಾನೆ ಹಾಸಿದರೆ ಸಾಕು. ಆ ಗಂಟೆಯಲ್ಲಿ ಲೆಕ್ಕವನ್ನೇ ಹೇಳಿಕೊಡಲಿ, ತಮಿಳನ್ನೇ ಹೇಳಿಕೊಡಲಿ. ನಡುವೆ ಆಡುವ ಮಾತು ಕನ್ನಡದ್ದಾಗಿದ್ದರೆ ನಮ್ಮ ಭಾನುವಾರದ ಪಾಠವೂ ಅಷ್ಟರ ಮಟ್ಟಿಗೆ ನಡೆದಂತಾಯಿತು. ಓದುಗ ಬಂಧುಗಳಲ್ಲಿ ಯಾರಾದರೂ ಒಂದು ಸಂಜೆಯನ್ನು ಕೊಡಬಲ್ಲಿರಾದರೆ ನಮಗೆ ತಿಳಿಸಿ. ಕೋಡುಬಳೆಯ ಖರ್ಚು ನಮ್ಮದು.