ಗಾಡ್ಜಿಲ್ಲಾಗೆ ನಡಿಗೆ ಕೊಟ್ಟವರು

1954. ಟೋಕಿಯೊದ ಉಯೆನೊ ಮೃಗಾಲಯದಲ್ಲಿ ಇಪ್ಪತ್ತೈದು ವರ್ಷದ ನಟರೊಬ್ಬರು ಆನೆಯ ಎದುರು ನಿಂತು ಅದರ ಕಾಲನ್ನೇ ನೋಡುತ್ತಿದ್ದರು. ಅಷ್ಟು ಭಾರದ ಮೈ ಹೆಜ್ಜೆ ಎತ್ತುವುದು ಹೇಗೆ, ಊರುವುದು ಹೇಗೆ? ಆಮೇಲೆ ಕರಡಿಯ ಮುಂದೆಯೂ ಅದೇ ಧ್ಯಾನ. ಅವರು ಹರುವೊ ನಕಾಜಿಮಾ. ಗಾಡ್ಜಿಲ್ಲಾ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಆ ನಿಧಾನದ, ನೆಲ ಅದುರಿಸುವ ನಡಿಗೆ ಅವರದು.

1933ರ 'ಕಿಂಗ್ ಕಾಂಗ್'ನಂತೆ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಫ್ರೇಮ್ ಚಿತ್ರಿಸಬೇಕೆಂಬುದು ಮೊದಲ ಗಾಡ್ಜಿಲ್ಲಾ ಚಿತ್ರದ ವಿಶೇಷ ದೃಶ್ಯಗಳ ತಂತ್ರಜ್ಞ ಐಜಿ ತ್ಸುಬುರಾಯಾ ಅವರ ಆಸೆಯಾಗಿತ್ತು. ಹಾಗೆ ಹೊರಟರೆ ಏಳು ವರ್ಷ ಬೇಕೆಂದು ಅವರೇ ಲೆಕ್ಕ ಹೇಳಿದರು. ಚಿತ್ರವೋ ಅದೇ ವರ್ಷ ನವೆಂಬರ್ 3ಕ್ಕೆ ತೆರೆ ಕಾಣಬೇಕು. ಕೊನೆಗೆ ಮನುಷ್ಯನಿಗೇ ವೇಷ ತೊಡಿಸುವುದೆಂದಾಯಿತು. ಹಿಂದಿನ ವರ್ಷವಷ್ಟೇ ಇದೇ ಚಿತ್ರದ ನಿರ್ದೇಶಕ ಇಶಿರೊ ಹೊಂಡಾ ಅವರ ಯುದ್ಧ ಚಿತ್ರವೊಂದರಲ್ಲಿ ಮೈಗೆ ಬೆಂಕಿ ಹಚ್ಚಿಸಿಕೊಂಡು ನಟಿಸಿದ್ದ ನಕಾಜಿಮಾ ಈ ಕೆಲಸಕ್ಕೆ ಸಿಕ್ಕರು.

ಮೊದಲ ವೇಷ ಸುಮಾರು 100 ಕಿಲೊ. ಅದು ಎಷ್ಟು ಬಿರುಸಾಗಿತ್ತೆಂದರೆ ಕೆಲವೇ ಹೆಜ್ಜೆಗೆ ಉಸಿರು ಕಟ್ಟುತ್ತಿತ್ತು. ಕೊನೆಗೆ ಅದನ್ನು ಎರಡು ತುಂಡು ಮಾಡಿ ಬಿಡಿ ದೃಶ್ಯಗಳಿಗೆ ಬಳಸಿದರು. ಹಗುರವಾದ ಎರಡನೆಯದೂ ಸುಖದ್ದೇನಲ್ಲ. ತೆರೆಯ ಮೇಲೆ ಮೃಗ ಭಾರವಾಗಿ ಕಾಣಲು ಕ್ಯಾಮೆರಾ ವೇಗವಾಗಿ ಓಡಬೇಕು. ಅದಕ್ಕೆ ಬೆಳಕು ಹೆಚ್ಚು ಬೇಕು. ಬೆಳಕು ಹೆಚ್ಚಿದಷ್ಟೂ ರಬ್ಬರಿನೊಳಗೆ ಕಾವು. ವೇಷ ಕಳಚಿ ಒಳಬನಿಯನ್ ಹಿಂಡಿದರೆ ಬೆವರು ಧಾರೆಯಾಗಿ ಸುರಿಯುತ್ತಿತ್ತು. ಒಳಗೇ ಪ್ರಜ್ಞೆ ತಪ್ಪಿದ್ದೂ ಉಂಟು. ಅಷ್ಟರ ನಡುವೆಯೂ, 1:25 ಅಳತೆಯ ಪುಟ್ಟ ಟೋಕಿಯೊದ ಬೀದಿಯಲ್ಲಿ ಆ ಕಾಲುಗಳು ಅವಸರಪಡಲಿಲ್ಲ. ಇದು ನಟನೆಯಲ್ಲದೆ ಮತ್ತೇನು?

ಅದೇ ವರ್ಷ ಬಂದ ನಿರ್ದೇಶಕ ಕುರೊಸಾವಾರ 'ಸೆವೆನ್ ಸಮುರಾಯ್'ನಲ್ಲಿ ಅವರು ಡಕಾಯಿತರಲ್ಲೊಬ್ಬರು. ಅಲ್ಲಿ ಮುಖ ಕಂಡಿತು, ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಇಲ್ಲಿ ಮುಖವೇ ಕಾಣಲಿಲ್ಲ, ಜಗತ್ತೆಲ್ಲ ಆ ನಡಿಗೆಯನ್ನು ಗುರುತು ಹಿಡಿಯಿತು. ಮುಂದೆ ರೋಡಾನ್, ವರಾನ್, ಜಪಾನಿನದೇ ಕಿಂಗ್ ಕಾಂಗ್ ಮೃಗಗಳ ವೇಷವನ್ನೂ ತೊಟ್ಟರು. 1972ರ ತನಕ ಸಾಲಾಗಿ ಹನ್ನೆರಡು ಗಾಡ್ಜಿಲ್ಲಾ ಚಿತ್ರಗಳು.

ಆ ಹೊತ್ತಿಗೆ ಜಪಾನಿ ಚಿತ್ರೋದ್ಯಮ ಸೊರಗಿತ್ತು. ಗಾಡ್ಜಿಲ್ಲಾ ತೆಗೆದ ಟೋಹೊ ಸ್ಟುಡಿಯೊ ನಕಾಜಿಮಾರನ್ನು ತನ್ನ ಆವರಣದ ಬೌಲಿಂಗ್ ಅಂಗಳದ ಕೆಲಸಕ್ಕೆ ಹಾಕಿತು. ಈ ಸಂಗತಿ ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ನಗರಗಳನ್ನೇ ತುಳಿದು ಸ್ಟುಡಿಯೊಗೆ ಹೆಸರು ತಂದ ಮನುಷ್ಯನಿಗೆ ನಲವತ್ತು ದಾಟಿದ ಮೇಲೆ ಚೆಂಡು ಉರುಳುವ ಸದ್ದಿನ ನಡುವೆ ನೌಕರಿ! ಅವರನ್ನು ಮತ್ತೆ ಎತ್ತಿಕೊಂಡವರು ಅಭಿಮಾನಿಗಳು. ಅಮೆರಿಕದ ಸಮ್ಮೇಳನಗಳಿಗೆ ಕರೆಸಿ, ಸಾಲುಗಟ್ಟಿ ನಿಂತು ಹಸ್ತಾಕ್ಷರ ಪಡೆದರು. ಎಷ್ಟೋ ಮಂದಿಗೆ ಆ ನಗುಮುಖ ಕಂಡದ್ದು ಆಗಲೇ.

2016ರ 'ಶಿನ್ ಗಾಡ್ಜಿಲ್ಲಾ'ದಲ್ಲಿ ಮೃಗ ಕಂಪ್ಯೂಟರಿನಲ್ಲಿ ಹುಟ್ಟಿತು. ಆದರೂ ನಡೆಯಲು ಅದಕ್ಕೊಬ್ಬ ಮನುಷ್ಯ ಬೇಕಾದ. ಜಪಾನಿನ ಸಾಂಪ್ರದಾಯಿಕ ಕ್ಯೋಗೆನ್ ರಂಗಭೂಮಿಯ ನಟ ಮನ್ಸಾಯ್ ನೊಮುರಾ ಮೈಗೆ ಸಂವೇದಕ ಕಟ್ಟಿಕೊಂಡು ಹೆಜ್ಜೆ ಹಾಕಿದರು. ಮರುವರ್ಷ ಆಗಸ್ಟ್ 7ರಂದು ನಕಾಜಿಮಾ ತೀರಿಕೊಂಡರು. ಅವರಿಗೆ 88 ವರ್ಷವಾಗಿತ್ತು.