ಕೆಲಸ ಹೋದರೆ ಹೇಳಿಕೊಳ್ಳಿ, ನಾಚಿಕೆ ಬೇಡ

ಮೂಕಂಡಪಲ್ಲಿ: ‘ಕೆಲಸ ಹೋಯ್ತು ಅಂತ ನಾಲ್ಕು ಜನರ ಮುಂದೆ ಹೇಗಪ್ಪಾ ಹೇಳೋದು?’ ಫ್ಯಾಕ್ಟರಿಯಿಂದ ಹೊರಬಿದ್ದ ಕಾರ್ಮಿಕನನ್ನು ಮೊದಲು ಕಾಡುವುದು ಈ ಸಂಕೋಚ. ಮನೆ ಬಾಡಿಗೆ, ಮಕ್ಕಳ ಫೀಸು, ಚೀಟಿ ಕಂತು ಮಾತ್ರ ಕಾಯುವುದಿಲ್ಲ.

ಸಿಪ್ಕಾಟ್ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಈ ಊರು 2008-09ರ ಹಿಂಜರಿತವನ್ನೂ 2020ರ ಲಾಕ್‌ಡೌನನ್ನೂ ಕಂಡಿದೆ. ಸುತ್ತಲಿನ ಸಣ್ಣ ಘಟಕಗಳಲ್ಲಿ ಹಲವು ದೊಡ್ಡ ವಾಹನ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತವೆ. ಆರ್ಡರ್ ಇಳಿದರೆ ಮೊದಲ ಪೆಟ್ಟು ಕಾಂಟ್ರಾಕ್ಟ್ ಕೆಲಸಗಾರರಿಗೆ.

ನೆಂಟರು, ಗೆಳೆಯರು ಇಲ್ಲವೇ? ಇದ್ದಾರೆ. ಆದರೆ ಅವರದೂ ಎಷ್ಟೋ ಸಲ ಅದೇ ಕಂಪನಿ, ಅದೇ ಲೈನು. ನಮಗೆ ಗೊತ್ತಿದ್ದಷ್ಟೇ ಅವರಿಗೂ ಗೊತ್ತು. ಹೊಸ ಕೆಲಸದ ಸುದ್ದಿ ಹೆಚ್ಚಾಗಿ ಬರುವುದು ದೂರದ ಪರಿಚಯದವರಿಂದ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದರು. ನಮ್ಮಲ್ಲಿ ಅಂದರೆ ಹಳೇ ಸೂಪರ್‌ವೈಸರ್, ಐಟಿಐ ಸಹಪಾಠಿ, ಮಾಲು ಇಳಿಸಲು ಬರುವ ಡ್ರೈವರ್. ಗಡಿ ದಾಟಿದರೆ ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿ. ಅಲ್ಲಿ ನಮ್ಮ ಕನ್ನಡವೂ ಕೈಹಿಡಿಯುತ್ತದೆ.

‘ಏನಾದ್ರೂ ಕೆಲಸ ಇದ್ರೆ ನೋಡಣ್ಣ’ ಅಂದರೆ ಸಾಲದು. ಯಾವ ಮೆಷಿನ್, ಎಷ್ಟು ವರ್ಷ, ಯಾವ ಶಿಫ್ಟಿಗೆ ಸಿದ್ಧ ಎಂದು ಹೇಳಿ. ಹತ್ತು ದಿನ ಬಿಟ್ಟು ಮತ್ತೆ ವಿಚಾರಿಸಿ. ಸರ್ವಿಸ್ ಸರ್ಟಿಫಿಕೇಟ್, ಪಿಎಫ್‌ನ ಯುಎಎನ್ ನಂಬರ್ ಕೈಯಲ್ಲಿರಲಿ. ಕಂಪನಿ ಬದಲಾದರೂ ಆ ನಂಬರ್ ಬದಲಾಗದು. ಕೆಲಸ ಕೊಡಿಸ್ತೀನಿ ಅಂತ ಮುಂಗಡ ಕೇಳುವವರಿಗೆ ದೂರದಿಂದಲೇ ಕೈಮುಗಿಯಿರಿ.

ಕೆಲಸ ಸಿಕ್ಕ ಮೇಲೆ ಇನ್ನೊಬ್ಬರು ಬಂದು ಕೇಳುತ್ತಾರೆ. ಆಗ ಮೊದಲ ದಿನದ ಆ ಸಂಕೋಚ ನೆನಪಿರಲಿ.